ಎಂಟು ಹೊಲಿಗೆಗೊಂದು ಟಣ್

“ನೋಟಿಸು ತಾನೆ? ಇತ್ತ ಕೊಡು. ಇಪ್ಪತ್ತಾರು ವರ್ಷದಿಂದ ನನ್ನ ಹೊಟ್ಟೆ ತುಂಬಿಸ್ತಿರೋದೇ ನೋಟಿಸು. ಅದಕ್ಕೆ ಹಲ್ಲು ಎಷ್ಟು, ಬಾಲ ಎಷ್ಟು ಅಂತ ನನಗೆ ಗೊತ್ತು.”

ಹೀಗೆಂದು ಘೋಷಿಸಿ ಗುಮಾಸ್ತರು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡಾಗ ಭಾನುವಾರ ಬೆಳಗಿನ ಹತ್ತು ಗಂಟೆ. ಬನಿಯನ್ನಿನಲ್ಲಿದ್ದವರು ಎದ್ದು ಹೋಗಿ ಆಫೀಸಿನ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ಬನಿಯನ್ನಿನಲ್ಲಿ ಕೂತು ನೋಟಿಸಿಗೆ ಉತ್ತರ ಬರೆದರೆ, ಅವರ ಪ್ರಕಾರ, ನೋಟಿಸಿಗೂ ಅವಮಾನ, ಬನಿಯನ್ನಿಗೂ ಅವಮಾನ.

ಗುಮಾಸ್ತರು ನೀರು ಸರಬರಾಜು ಕಚೇರಿಯ ನೋಟಿಸು ವಿಭಾಗದವರು. ಸೋರುವ ನಲ್ಲಿ, ಮುಚ್ಚಳವಿಲ್ಲದ ತೊಟ್ಟಿ, ಅನುಮತಿಯಿಲ್ಲದೆ ಅಡ್ಡದಾರಿ ಹಿಡಿದ ಕೊಳವೆ, ಹೀಗೆ ಊರಿನ ನೀರು ಎಲ್ಲಿ ತಪ್ಪು ಹೆಜ್ಜೆ ಇಟ್ಟರೂ ಅಲ್ಲಿಗೆ ಅವರು ಬರೆದ ಕಾಗದ ಹೋಗುತ್ತಿತ್ತು. ಕೊಟ್ಟು ಅಭ್ಯಾಸವಿತ್ತೇ ಹೊರತು ತೆಗೆದುಕೊಂಡು ಅಭ್ಯಾಸವಿರಲಿಲ್ಲ. ಆ ಸಣ್ಣ ವ್ಯತ್ಯಾಸ ಅವರಿಗೆ ಆಗ ಹೊಳೆಯಲಿಲ್ಲ.

ನೋಟಿಸು ಬಂದದ್ದು ಅವರ ಹೆಂಡತಿಗೆ. ಕಂಡವರೂ ಕಾಣದವರೂ ಆಕೆಯನ್ನು ಕರೆಯುತ್ತಿದ್ದದ್ದು ‘ಕತ್ತರಿಯಕ್ಕ’ ಎಂದೇ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು, ಎದುರಿಗೆ ಎರಡು ನೂಲಿನ ಉಂಡೆಗಳ ನಡುವೆ ಫೋನು ನಿಲ್ಲಿಸಿ, ಎಂಟು ವರ್ಷದಿಂದ ಬಟ್ಟೆ ಹೊಲಿಯುವುದನ್ನು ಕಲಿಸಿ ವಿಡಿಯೊ ತಾಣಕ್ಕೆ ಹಾಕುತ್ತಾ ಬಂದಿದ್ದರು. ಮುನ್ನೂರ ಹನ್ನೆರಡು ಪಾಠಗಳು. ಅವುಗಳಲ್ಲಿ ಮೂವತ್ತೊಂದರಲ್ಲಿ ಆಕೆ ಕಾಣುವುದೇ ಇಲ್ಲ. ಸುಕ್ಕುಗಟ್ಟಿದ ಬೇರೆ ಎರಡು ಕೈಗಳು ಕಾಣುತ್ತವೆ. ಅವು ಕತ್ತರಿಯಕ್ಕನ ಅಮ್ಮನವು, ಅಂದರೆ ಗುಮಾಸ್ತರ ಅತ್ತೆಯವು. ಟೇಪು ಮುಟ್ಟದೆ, ಕಾಗದದ ಮಾದರಿ ಇಡದೆ, ಬರೀ ಗೇಣು ಬೆರಳಿನ ಅಳತೆಯಲ್ಲಿ ಎಂಥ ಮೈಗೂ ಕೂರುವ ಅಂಗಿ ಕತ್ತರಿಸುವುದು ಆ ಕೈಗಳ ವಿದ್ಯೆ. ಅದು ಯಾವ ಪುಸ್ತಕದಲ್ಲೂ ಇಲ್ಲ. ಈಗ ಆ ಕೈಗಳು ನಡುಗುತ್ತವೆ. ಕತ್ತರಿ ಕೆಳಗಿಟ್ಟು ನಾಲ್ಕು ವರ್ಷವಾಯಿತು. ಆ ಪಾಠಗಳನ್ನು ಚಿತ್ರೀಕರಿಸಿದ ಹಳೆಯ ಫೋನು ಬಕೆಟ್ಟಿನ ನೀರಿಗೆ ಬಿದ್ದು ಸತ್ತುಹೋಗಿತ್ತು. ಉಳಿದಿದ್ದ ಒಂದೇ ಒಂದು ಪ್ರತಿ ಆ ತಾಣದ ಹೊಟ್ಟೆಯಲ್ಲಿತ್ತು.

ಗುಮಾಸ್ತರು ಗಂಟಲು ಸರಿಮಾಡಿಕೊಂಡು ಓದಿದರು.

“‘ಕಾಲರ್ ತಿರುಗಿಸುವುದು’ ಎಂಬ ನಿಮ್ಮ ವಿಡಿಯೊದ ನಾಲ್ಕನೇ ನಿಮಿಷದಿಂದ ಹತ್ತೊಂಬತ್ತು ಸೆಕೆಂಡುಗಳ ಕಾಲ ಕೇಳಿಬರುವ ಧ್ವನಿಯು ಬೇರೊಬ್ಬರ ಹಕ್ಕಿಗೆ ಒಳಪಟ್ಟ ಹಾಡಿನೊಂದಿಗೆ ಹೊಂದಿಕೆಯಾಗಿದೆ.”

“ಅಲ್ಲಿ ಹಾಡೇ ಇಲ್ವಲ್ಲ ರೀ,” ಎಂದರು ಕತ್ತರಿಯಕ್ಕ. “ನಾನು ಕಾಲರ್ ಹೊಲೀತಿದ್ದೀನಿ ಅಷ್ಟೆ.”

“ಹೊಲೀತಾ ಗುನುಗಿರ್ತೀಯ.”

“ಬಾಯಲ್ಲಿ ಗುಂಡುಸೂಜಿ ಕಚ್ಕೊಂಡು ಯಾರಾದ್ರೂ ಗುನುಗ್ತಾರಾ?”

ಗುಮಾಸ್ತರು ವಿಡಿಯೊ ಹಾಕಿದರು. ಕೇಳಿದ್ದು ಮಿಷನ್ನಿನ ಸದ್ದು ಮಾತ್ರ. ಟಕಟಕ ಟಕಟಕ ಟಕಟಕ ಟಕಟಕ ಟಣ್. ಮತ್ತೆ ಟಕಟಕ, ಮತ್ತೆ ಟಣ್. ಆಮೇಲೆ ನೋಟಿಸಿನ ಕೆಳಗಿದ್ದ ಆ ‘ಬೇರೊಬ್ಬರ’ ಹಾಡು ಹಾಕಿದರು. ಯಾರೋ ಹುಡುಗಿ ಯಾವುದೋ ವಿರಹದಲ್ಲಿ ಕೊರಗುತ್ತಿದ್ದಳು. ಹಿನ್ನೆಲೆಯಲ್ಲಿ ಢಂ ಢಂ ಎಂದು ಏನೋ ಬಡಿಯುತ್ತಿತ್ತು. ಅದರ ಬೆನ್ನಿಗೇ ಟಕಟಕ ಟಕಟಕ ಟಣ್.

ಮೂಲೆಯಲ್ಲಿ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಾ ಕೂತಿದ್ದ ಅತ್ತೆ ತಲೆಯೆತ್ತಿದರು.

“ಅದು ನನ್ನ ಹೇರ್‌ಪಿನ್ನು,” ಎಂದರು.

ನಿಜ. ಆ ಕಾಲಿನ ಮಿಷನ್ನು ಮೊದಲು ಅತ್ತೆಯದು. ಅದರ ಚಕ್ರ ತಿರುಗಿಸುವ ಚರ್ಮದ ಪಟ್ಟಿ ಬಹಳ ಹಿಂದೆ ಕಿತ್ತುಹೋದಾಗ, ಎರಡು ತುದಿಗಳನ್ನೂ ಸೇರಿಸಿ ತಲೆಯ ಹೇರ್‌ಪಿನ್ನು ಚುಚ್ಚಿ ಬಗ್ಗಿಸಿಬಿಟ್ಟಿದ್ದರು. ಪಟ್ಟಿ ಒಂದು ಸುತ್ತು ಬರುವಷ್ಟರಲ್ಲಿ ಎಂಟು ಹೊಲಿಗೆ ಬೀಳುತ್ತಿತ್ತು; ಆಗ ಪಿನ್ನು ಕಬ್ಬಿಣದ ಗಾಲಿಗೆ ತಾಗಿ ಟಣ್ ಎನ್ನುತ್ತಿತ್ತು. ತಾಯಿ ಅದನ್ನೇ ಲೆಕ್ಕವಾಗಿಟ್ಟುಕೊಂಡರು, ಮಗಳಿಗೂ ಅದನ್ನೇ ಕಲಿಸಿದರು. ಮಗಳು ಲೋಕಕ್ಕೆ ಕಲಿಸಿದಳು. “ಒಂಬತ್ತು ಟಣ್ ಆಯ್ತಾ? ಸೂಜಿ ಬಟ್ಟೆಯೊಳಗೇ ಇರಲಿ. ಬಟ್ಟೆ ಒತ್ತಿ ಹಿಡಿಯೋ ಪಾದ ಎತ್ತಿ, ಬಟ್ಟೆ ತಿರುಗಿಸಿ. ಇನ್ನು ನಾಲ್ಕು ಟಣ್.” ಕಲಿಯುವವರು ಎಲ್ಲೆಲ್ಲಿಂದಲೋ ಬರೆಯುತ್ತಿದ್ದರು: ಅಕ್ಕಾ, ನಾನೂ ನನ್ನ ಮಿಷನ್ನಿನ ಪಟ್ಟಿಗೆ ಹೇರ್‌ಪಿನ್ನು ಹಾಕ್ಕೊಂಡೆ, ಈಗ ನಮ್ಮನೇಲೂ ಟಣ್.

“ಅಂದ್ರೆ ನಮ್ಮ ಸದ್ದನ್ನ ಅವರು ತಗೊಂಡಿದ್ದಾರೆ. ನೋಟಿಸು ಮಾತ್ರ ನಮಗೆ,” ಎಂದರು ಕತ್ತರಿಯಕ್ಕ. “ಒಪ್ಪಲ್ಲ ಅಂತ ಒತ್ತಿ.”

ನೋಟಿಸಿನ ಕೆಳಗೆ ಎರಡು ಗುಂಡಿಗಳಿದ್ದವು: ‘ಒಪ್ಪುತ್ತೇನೆ’, ‘ಒಪ್ಪುವುದಿಲ್ಲ’.

ಇಲ್ಲಿ ಗುಮಾಸ್ತರ ಇಪ್ಪತ್ತಾರು ವರ್ಷದ ಅನುಭವ ಮೈಕೊಡವಿ ಎದ್ದು ನಿಂತಿತು. ನೋಟಿಸಿಗೆ ಉತ್ತರ ಬರೆಯುವುದಕ್ಕೆ ಕಚೇರಿಯಲ್ಲೊಂದು ಶಾಸ್ತ್ರವಿದೆ. ಮೊದಲನೇ ಪ್ಯಾರಾದಲ್ಲಿ ಎಲ್ಲವನ್ನೂ ಒಪ್ಪಿಕೊಳ್ಳಬೇಕು. “ತಮ್ಮ ನೋಟಿಸಿನಲ್ಲಿ ತಿಳಿಸಿರುವ ವಿಷಯವನ್ನು ವಿನಯಪೂರ್ವಕವಾಗಿ ಒಪ್ಪಿಕೊಳ್ಳುತ್ತಾ” ಎಂದು ಶುರುಮಾಡಿ, ನೋಟಿಸು ಕೊಟ್ಟವನ ಮನಸ್ಸು ಮೆತ್ತಗಾದ ಮೇಲೆ, ಎರಡನೇ ಪ್ಯಾರಾದಲ್ಲಿ “ಆದಾಗ್ಯೂ” ಎಂದು ಹಾಕಿ ಒಂದನ್ನೂ ಒಪ್ಪದೆ ಮುಗಿಸಬೇಕು. ಮೊದಲ ಸಾಲಿನಲ್ಲೇ ‘ಒಪ್ಪುವುದಿಲ್ಲ’ ಎಂದವನ ನಲ್ಲಿ ಮರುದಿನವೇ ಒಣಗುವುದನ್ನು ಅವರು ಕಣ್ಣಾರೆ ಕಂಡಿದ್ದರು.

“ನಿನಗೆ ಇದೆಲ್ಲ ಗೊತ್ತಾಗಲ್ಲ,” ಎಂದು ಹೆಂಡತಿಗೆ ಹೇಳಿ, ‘ಒಪ್ಪುತ್ತೇನೆ’ ಒತ್ತಿದರು. ಮುಂದಿನ ಪುಟದಲ್ಲಿ ‘ಆದಾಗ್ಯೂ’ ಬರೆಯಲು ಜಾಗ ಇರುತ್ತದೆಂದು ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡು ಕಾದರು.

ಕಾಯಬೇಕಾದದ್ದು ನಾಲ್ಕು ಸೆಕೆಂಡು.

“ಒಪ್ಪಿಕೊಂಡಿದ್ದಕ್ಕೆ ಧನ್ಯವಾದಗಳು. ಇದು ಮೊದಲನೇ ಎಚ್ಚರಿಕೆ. ಮೂರನೇ ಎಚ್ಚರಿಕೆಯ ನಂತರ ನಿಮ್ಮ ಎಲ್ಲ ವಿಡಿಯೊಗಳನ್ನೂ ಶಾಶ್ವತವಾಗಿ ಅಳಿಸಲಾಗುವುದು. ಅಲ್ಲಿಯವರೆಗೆ ಅವನ್ನು ನಿಮ್ಮ ಫೋನಿಗೆ ಇಳಿಸಿಕೊಳ್ಳುವಂತಿಲ್ಲ.”

ಆ ಕ್ಷಣ ಗುಮಾಸ್ತರು ಹೆದರಿದ್ದು ಬೆದರಿಕೆಗಲ್ಲ, ವೇಗಕ್ಕೆ. ಅವರ ಕಚೇರಿಯಲ್ಲಿ ನಲವತ್ತು ದಿನಕ್ಕಿಂತ ಮುಂಚೆ ಉತ್ತರ ಕೊಡುವುದು ಮರ್ಯಾದಸ್ಥರ ಲಕ್ಷಣವಲ್ಲ. ನಾಲ್ಕು ಸೆಕೆಂಡಿನಲ್ಲಿ ಕಡತ ಯಾವಾಗ ತೆರೆದರು? ಟಿಪ್ಪಣಿ ಯಾರು ಬರೆದರು? ಮೇಲಿನವರು ಸಹಿ ಹಾಕಲು ಕನ್ನಡಕ ಹುಡುಕುವುದಾದರೂ ಬೇಡವೇ?

“ಏನಂತೆ?” ಎಂದರು ಅತ್ತೆ.

“ಏನಿಲ್ಲ ಅತ್ತೆ. ಮಾತುಕತೆ ಶುರುವಾಗಿದೆ.”

“ನಿಮ್ಮ ಕಿವಿ ಯಾಕೆ ಕೆಂಪಗಾಗಿದೆ?”

ಗುಮಾಸ್ತರು ಧೈರ್ಯಗೆಡಲಿಲ್ಲ. ಬಾಯಿಮಾತು ನಡೆಯದಿದ್ದಾಗ ಸಾಕ್ಷ್ಯ ಹಾಜರುಪಡಿಸಬೇಕು. ಹೆಂಡತಿಯನ್ನು ಮಿಷನ್ನಿನ ಮುಂದೆ ಕೂರಿಸಿದರು. ಪಟ್ಟಿ, ಪಿನ್ನು, ಗಾಲಿ ಮೂರೂ ಕಾಣುವಂತೆ ತಾವೇ ನೆಲದ ಮೇಲೆ ಮಲಗಿ ಎರಡು ನಿಮಿಷ ಚಿತ್ರೀಕರಿಸಿದರು. ಮಧ್ಯೆ ಅವರದೇ ಗಂಭೀರ ಧ್ವನಿ: “ಮಾನ್ಯರೇ, ದಯವಿಟ್ಟು ಪಿನ್ನನ್ನು ಗಮನಿಸಿ.” ‘ಸಾಕ್ಷ್ಯ, ಅನುಬಂಧ ಒಂದು’ ಎಂದು ಹೆಸರಿಟ್ಟು ಅದೇ ತಾಣಕ್ಕೆ ಏರಿಸಿದರು.

ಒಂದು, ಎರಡು, ಮೂರು, ನಾಲ್ಕು.

“‘ಸಾಕ್ಷ್ಯ, ಅನುಬಂಧ ಒಂದು’ ವಿಡಿಯೊದಲ್ಲಿ ಬೇರೊಬ್ಬರ ಹಕ್ಕಿಗೆ ಒಳಪಟ್ಟ ಧ್ವನಿ ಮರುಬಳಕೆಯಾಗಿದೆ. ಇದು ಎರಡನೇ ಎಚ್ಚರಿಕೆ. ನಿಮ್ಮ ಉಳಿದ ವಿಡಿಯೊಗಳ ಪರಿಶೀಲನೆ ಆರಂಭವಾಗಿದೆ.”

ಅದರ ಕೆಳಗೆ ಒಂದು ಹಸಿರು ಗೆರೆ ಹುಟ್ಟಿಕೊಂಡಿತು. ಪಕ್ಕದಲ್ಲಿ: ನೂರಕ್ಕೆ ಒಂದು. ಗೆರೆ ತುಂಬಲು ಅಂದಾಜು ಏಳು ದಿನ. ಅಷ್ಟರಲ್ಲಿ ಉಳಿದ ಪಾಠಗಳಲ್ಲೂ ಟಣ್ ಸಿಕ್ಕೇ ಸಿಗುತ್ತದೆ, ಅದೇ ಮೂರನೇ ಎಚ್ಚರಿಕೆ.

ಕತ್ತರಿಯಕ್ಕ ಫೋನು ತೆಗೆದುಕೊಂಡು ಓದಿದರು. ಮಿಷನ್ನಿನ ಪೆಡಲಿನ ಮೇಲಿದ್ದ ಕಾಲನ್ನು ಕೆಳಗಿಟ್ಟರು. ಕೂಗಾಡಲಿಲ್ಲ. ಕೂಗಾಡಿದ್ದರೆ ಗುಮಾಸ್ತರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಅಮ್ಮನ ಕೈ,” ಎಂದರು ಮೆಲ್ಲಗೆ. “ಅಮ್ಮನ ಕೈ ಇನ್ನೆಲ್ಲೂ ಇಲ್ಲ ರೀ.”

*

ಮರುದಿನದಿಂದ ಆ ಮನೆಯಲ್ಲಿ ಭಯ ಬಾಡಿಗೆಗೆ ಬಂದು ಕೂತಿತು.

ಫೋನಿಗೆ ಕಿವಿಯಿದೆ ಎಂದು ಗುಮಾಸ್ತರಿಗೆ ಯಾರೋ ಹೇಳಿದ್ದರು. ಮೊದಲು ಅದನ್ನು ದಿಂಬಿನ ಕೆಳಗಿಟ್ಟರು, ಆಮೇಲೆ ಬೀರುವಿನಲ್ಲಿ ಉಣ್ಣೆಯ ಅಂಗಿಗಳ ನಡುವೆ, ಕೊನೆಗೆ ಅಡುಗೆಮನೆಯ ಹಿಟ್ಟಿನ ಡಬ್ಬಿಯಲ್ಲಿ. ಮನೆಯಲ್ಲಿದ್ದಷ್ಟು ಹೊತ್ತೂ ಗಂಟೆಗೊಮ್ಮೆ ಡಬ್ಬಿ ತೆರೆದು, ಊದಿ, ಹಸಿರು ಗೆರೆ ನೋಡುತ್ತಿದ್ದರು. ನೂರಕ್ಕೆ ಹದಿನಾಲ್ಕು. ನೂರಕ್ಕೆ ಹತ್ತೊಂಬತ್ತು. ಮುಖವೆಲ್ಲ ಹಿಟ್ಟಾಗಿ, ಹೆದರಿ ಬೆಳ್ಳಗಾದದ್ದೆಷ್ಟು, ಹಿಟ್ಟಿನಿಂದ ಬೆಳ್ಳಗಾದದ್ದೆಷ್ಟು ಎಂದು ಹೇಳುವಂತಿರಲಿಲ್ಲ.

ಮಿಷನ್ನಿಗೆ ಎರಡು ಕಂಬಳಿ ಹೊದಿಸಿದರು. ಬಾಗಿಲಿನ ತಿರುಗಣಿಗೆ ಎಣ್ಣೆ ಬಿಟ್ಟರು. ಆ ಕಿರ್ ಎನ್ನುವ ಸದ್ದು ಈಗಾಗಲೇ ಯಾರ ಹೆಸರಿಗೆ ಆಗಿದೆಯೋ ಯಾರಿಗೆ ಗೊತ್ತು? ಲೋಟದಲ್ಲಿ ಚಮಚ ತಿರುಗಿಸಿದರೆ ತುಟಿಯ ಮೇಲೆ ಬೆರಳಿಡುತ್ತಿದ್ದರು. ಸ್ನಾನದ ಮನೆಯಲ್ಲಿ ಅರ್ಧ ಸಾಲು ಹಾಡಿಕೊಂಡ ಹೆಂಡತಿ, ಬಾಗಿಲಿನಾಚೆಯ ಕೆಮ್ಮು ಕೇಳಿ ಉಳಿದರ್ಧ ನುಂಗಿಕೊಂಡರು. ಮೂರನೇ ದಿನ ಅತ್ತೆ ಕುರ್ಚಿಯಿಂದ ಏಳುವಾಗಲೂ ಗುಮಾಸ್ತರು ಬೆಚ್ಚಿಬಿದ್ದು ತಿರುಗಿದರು.

“ಅದು ನನ್ನ ಮಂಡಿ, ಅಳಿಯಂದಿರೇ,” ಎಂದರು ಅತ್ತೆ. “ಏಳುವಾಗ ಎರಡು ಸಲ ಕಟ್ ಅನ್ನುತ್ತೆ, ಕೂರುವಾಗ ಒಂದು ಸಲ. ಅದಕ್ಕೆ ಯಾರ ಒಪ್ಪಿಗೆ ತಗೋಬೇಕು ಹೇಳಿ, ಅರ್ಜಿ ಹಾಕ್ತೀನಿ.”

“ತಮಾಷೆ ಬೇಡ ಅತ್ತೆ. ಅವರು ಕೇಳಿಸ್ಕೊಳ್ತಾರೆ.”

“ಯಾರು?”

ಅದು ಗುಮಾಸ್ತರಿಗೂ ಗೊತ್ತಾಗಬೇಕಿತ್ತು. ಅದೇ ಅವರ ದಿಗಿಲು. ದಿನಕ್ಕೆ ಐದೈದು ಪತ್ರ ಬರೆದರು. ಖುದ್ದು ವಿಚಾರಣೆಗೆ ಅವಕಾಶ ಕೊಡಿ, ಸಕ್ಷಮ ಪ್ರಾಧಿಕಾರದವರ ಹೆಸರು ತಿಳಿಸಿ, ಕನಿಷ್ಠ ಯಾವ ಮಹಡಿ ಅಂತಾದರೂ ಹೇಳಿ. ಪ್ರತಿಯೊಂದಕ್ಕೂ ನಾಲ್ಕು ಸೆಕೆಂಡಿನಲ್ಲಿ ಒಂದೇ ಉತ್ತರ: “ನಿಮ್ಮ ಅಭಿಪ್ರಾಯ ನಮಗೆ ಮುಖ್ಯ.”

ಕಚೇರಿಯಲ್ಲಿ ಟಪಾಲು ವಿಭಾಗದ ಗೆಳೆಯನಿಗೆ ಎಲ್ಲ ಹೇಳಿಕೊಂಡರು. ಆತ ಲಕೋಟೆಗೆ ಗೋಂದು ಹಚ್ಚುವುದನ್ನು ನಿಲ್ಲಿಸಿ ಕೇಳಿದ: “ನಾಲ್ಕು ಸೆಕೆಂಡಾ? ಪ್ರತೀ ಸಲಾನಾ?”

“ಪ್ರತೀ ಸಲ.”

“ಹಾಗಾದ್ರೆ ಅಲ್ಲಿ ಯಾರೂ ಇಲ್ಲ ಸ್ವಾಮಿ.”

“ಯಾರೂ ಇಲ್ಲ ಅಂದ್ರೆ?”

“ಯಾರೂ ಇಲ್ಲ ಅಂದ್ರೆ ಯಾರೂ ಇಲ್ಲ. ಖಾಲಿ ಕುರ್ಚಿ. ಕುರ್ಚಿನೂ ಇರಲ್ಲ ಅನ್ಸುತ್ತೆ. ಯಂತ್ರ ಕೇಳುತ್ತೆ, ಯಂತ್ರ ಬರೆಯುತ್ತೆ, ಯಂತ್ರ ಅಳಿಸುತ್ತೆ. ನೀವು ‘ಮಾನ್ಯರೇ’ ಅಂತ ಬರೆದದ್ದು ಗೋಡೆಗೆ.”

ಇಪ್ಪತ್ತಾರು ವರ್ಷ ಗುಮಾಸ್ತರಿಗೊಂದು ನಂಬಿಕೆಯಿತ್ತು: ಎಂಥ ಕ್ರೂರ ನೋಟಿಸಿನ ಹಿಂದೆಯೂ, ಮಧ್ಯಾಹ್ನ ನಿದ್ದೆ ಬರುವ, ಸೊಂಟ ನೋಯುವ, ಕೈಮುಗಿದು ನಿಂತರೆ ‘ಆಯ್ತು ಹೋಗಿ’ ಎನ್ನುವ ಒಬ್ಬ ಮನುಷ್ಯ ಇರುತ್ತಾನೆ. ತಾವೇ ಎಷ್ಟು ಸಲ ‘ಆಯ್ತು ಹೋಗಿ’ ಎಂದಿಲ್ಲ! ಈಗ ಕೈಮುಗಿಯಲು ದಿಕ್ಕೇ ಇಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಚಾಲಕ ಅದೇ ಹಾಡು ಹಾಕಿದ. ಟಕಟಕ ಟಕಟಕ ಟಣ್. ಮುಂದಿನ ಸೀಟಿನ ಇಬ್ಬರು ತಲೆಯಾಡಿಸಿದರು. ನಿಂತಿದ್ದ ಹೆಂಗಸೊಬ್ಬರು ಕಂಬಿಯ ಮೇಲೆ ಬೆರಳು ಬಡಿದರು. ಇಡೀ ಬಸ್ಸು ಅತ್ತೆಯ ಹೇರ್‌ಪಿನ್ನಿಗೆ ತಾಳ ಹಾಕುತ್ತಿತ್ತು. ಅತ್ತೆ ಇರುವ ಮನೆಯಲ್ಲಿ ಮಾತ್ರ ಅದಕ್ಕೆ ಕಂಬಳಿ ಹೊದಿಸಿತ್ತು. ಗುಮಾಸ್ತರು ಎರಡು ನಿಲ್ದಾಣ ಮೊದಲೇ ಇಳಿದು ನಡೆದುಬಂದರು.

ದಾರಿಯಲ್ಲಿ ಅವರಿಗೆ ಬುದ್ಧಿ ಹೊಳೆಯಿತು. ತಪ್ಪು ಸದ್ದಿನದು ತಾನೆ? ಸದ್ದನ್ನೇ ಅಳಿಸಿದರೆ? ಎಲ್ಲ ವಿಡಿಯೊಗಳನ್ನೂ ಮೂಕ ಮಾಡುವ ಸೌಲಭ್ಯ ಆ ತಾಣದಲ್ಲಿತ್ತು. ಪರೀಕ್ಷೆಗೆಂದು ಹೆಂಡತಿಗೆ ಹೇಳದೆ ಎರಡನೇ ಪಾಠವನ್ನು ಮೂಕ ಮಾಡಿದರು. ಮರುದಿನ ಬೆಳಿಗ್ಗೆಯೇ ಕಲಿಯುವವರೊಬ್ಬರ ಪತ್ರ ಬಂತು.

“ಅಕ್ಕಾ, ಎರಡನೇ ಪಾಠಕ್ಕೆ ಏನಾಗಿದೆ? ಕಿವಿ ಹತ್ರ ಇಟ್ಕೊಂಡ್ರೂ ಏನೂ ಕೇಳ್ತಿಲ್ಲ. ಎಲ್ಲಿ ತಿರುಗಿಸಬೇಕು ಅಂತ ಗೊತ್ತಾಗ್ದೆ ಹೊಲೀತಾನೇ ಹೋದೆ. ಈಗ ಯಜಮಾನರ ಜೇಬಿನ ಬಾಯಿ ಪೂರ್ತಿ ಮುಚ್ಚಿಹೋಗಿದೆ.”

ಕತ್ತರಿಯಕ್ಕ ಪತ್ರ ಓದಿ ಗಂಡನನ್ನು ನೋಡಿದರು.

“ಟಣ್ ತೆಗೆದ್ರೆ ಪಾಠದಲ್ಲಿ ಉಳಿಯೋದೇನು? ಒಬ್ಬಳು ಸುಮ್ನೆ ಕೂತು ಬಟ್ಟೆ ದಬ್ಬೋದು ಕಾಣ್ಸುತ್ತೆ ಅಷ್ಟೆ.”

“ಮತ್ತೇನು ಮಾಡ್ಲಿ?” ಗುಮಾಸ್ತರು ಫೋನಿನ ಮೇಲೆ ಬೆರಳಿಟ್ಟರು. “ಅರವತ್ತೆರಡಕ್ಕೆ ಬಂದಿದೆ ಗೆರೆ.”

“ನೀವು ಏನೂ ಮಾಡ್ಬೇಡಿ,” ಎಂದರು ಕತ್ತರಿಯಕ್ಕ. “ದಯವಿಟ್ಟು ಇನ್ನು ಮೂರು ದಿನ ಏನೂ ಮಾಡ್ಬೇಡಿ.”

ಏನೂ ಮಾಡದಿರುವುದು ಇಷ್ಟು ಕಷ್ಟ ಎಂದು ಸರ್ಕಾರಿ ನೌಕರರಾದ ಗುಮಾಸ್ತರಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

*

ಏಳನೇ ದಿನ ಮತ್ತೆ ಭಾನುವಾರ. ನೂರಕ್ಕೆ ತೊಂಬತ್ತೇಳು.

ಗುಮಾಸ್ತರು ಅಡುಗೆಮನೆಯ ನೆಲದ ಮೇಲೆ, ತೊಡೆಯ ಮೇಲೆ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಆ ಮೂವತ್ತೊಂದು ಪಾಠಗಳಲ್ಲಿ ಒಂದನ್ನು ಕೊನೆಯ ಸಲ ನೋಡೋಣವೆಂದು ಹಾಕಿದ್ದರು. ಎಂಟು ವರ್ಷದಿಂದ ಮನೆಯಲ್ಲೇ ಪಾಠ ನಡೆಯುತ್ತಿದ್ದರೂ ಒಂದನ್ನೂ ಪೂರ್ತಿ ನೋಡಿರಲಿಲ್ಲ. ಸುಕ್ಕುಗಟ್ಟಿದ ಕೈಯೊಂದು ಬಟ್ಟೆಯ ಮೇಲೆ ಹೆಬ್ಬೆರಳಿನಿಂದ ಕಿರುಬೆರಳಿಗೆ, ಮತ್ತೆ ಹೆಬ್ಬೆರಳಿಗೆ ಹೊರಳುತ್ತಾ ಸಾಗಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ನಡುಗಲಿಲ್ಲ. ಭುಜದ ಹತ್ತಿರ ಬಂದಾಗ ಅರ್ಧ ಬೆರಳು ಹೆಚ್ಚು ಬಿಟ್ಟಿತು. ಅತ್ತೆಯ ಧ್ವನಿ: “ಇದು ಆಫೀಸಿನಲ್ಲಿ ಬಗ್ಗಿ ಬರೆಯೋರ ಬೆನ್ನು. ಸ್ವಲ್ಪ ಸಡಿಲ ಬಿಡ್ಬೇಕು, ಇಲ್ಲಾಂದ್ರೆ ಪಾಪ ಹಿಡಿಯುತ್ತೆ.”

ತಾವು ತೊಟ್ಟಿದ್ದ ಆಫೀಸಿನ ಅಂಗಿಯ ಭುಜವನ್ನು ಗುಮಾಸ್ತರು ಮುಟ್ಟಿ ನೋಡಿಕೊಂಡರು. ಹಿಡಿಯುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಯಾವತ್ತೂ ಹಿಡಿದಿರಲಿಲ್ಲ. ಕಣ್ಣು ಮಂಜಾಯಿತು, ಹಿಟ್ಟು ಬಿದ್ದಿರಬೇಕು ಎಂದುಕೊಂಡರು.

ನೂರಕ್ಕೆ ತೊಂಬತ್ತೊಂಬತ್ತು.

ಅಷ್ಟರಲ್ಲಿ ಗೆರೆ ಮಾಯವಾಯಿತು. ಗುಮಾಸ್ತರು ಕಣ್ಣು ಮುಚ್ಚಿಕೊಂಡರು.

“ಕಣ್ಣು ಬಿಡಿ ರೀ,” ಎಂದರು ಬೆನ್ನ ಹಿಂದಿನಿಂದ ಬಗ್ಗಿ ಫೋನು ನೋಡಿದ ಕತ್ತರಿಯಕ್ಕ. “ಆಯ್ತು.”

“ಹೋಯ್ತಾ?”

“ಉಳೀತು. ಓದಿ ನೋಡಿ.”

“ಹಾಡಿನ ಹಕ್ಕುದಾರರು ತಮ್ಮ ಆಕ್ಷೇಪಣೆ ಹಿಂತೆಗೆದುಕೊಂಡಿದ್ದಾರೆ. ಎರಡೂ ಎಚ್ಚರಿಕೆಗಳನ್ನು ರದ್ದುಪಡಿಸಲಾಗಿದೆ.”

ಗುಮಾಸ್ತರು ಮೂರು ಸಲ ಓದಿದರು. “ಯಾವ ಪ್ರಾಧಿಕಾರಕ್ಕೆ ಬರೆದೆ?”

“ಪ್ರಾಧಿಕಾರ ಎಂಥದ್ದೂ ಇಲ್ಲ. ಹಾಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನ ಕಟ್ಟಿದವರ ಹೆಸರಿತ್ತು. ನೀವು ಆಫೀಸಿನಲ್ಲಿದ್ದಾಗ ಆ ಹುಡುಗಿಗೆ ಬರೆದೆ. ನನ್ನ ನಲವತ್ತನೇ ಪಾಠ ನೋಡಿ ಕಿಟಕಿಗೆ ಪರದೆ ಹೊಲೀತಿದ್ದಳಂತೆ. ಸದ್ದು ಚೆನ್ನಾಗಿದೆ ಅಂತ ಎತ್ತಿ ಹಾಡಿಗೆ ಸೇರಿಸಿದಳಂತೆ. ನಮಗೆ ನೋಟಿಸು ಹೋಗಿದ್ದು ಅವಳಿಗೆ ಗೊತ್ತೇ ಇಲ್ಲ. ಯಂತ್ರ ಯಾರನ್ನೂ ಕೇಳಿ ಕಳ್ಸಲ್ವಂತೆ. ಪಾಪ, ತುಂಬ ಹೆದರ್ಕೊಂಡಿದ್ದಳು.”

“ಎಲ್ಲಿ, ಪತ್ರ ತೋರ್ಸು.”

ಕತ್ತರಿಯಕ್ಕ ತೋರಿಸಿದರು. ಎರಡೇ ಸಾಲು. “ನಿನ್ನ ಹಾಡಿನ ಟಣ್ ನಮ್ಮಮ್ಮನ ಹೇರ್‌ಪಿನ್ನಿನದು. ಅದಕ್ಕೋಸ್ಕರ ನನ್ನ ಪಾಠ ಎಲ್ಲ ಅಳಿಸ್ತಾರಂತೆ, ಬೇಡ ಅಂತ ಹೇಳಮ್ಮ.”

ಗುಮಾಸ್ತರು ಫೋನನ್ನು ಹಿಂದೆ ಮುಂದೆ ಹೊರಳಿಸಿದರು. “ಮೊದಲನೇ ಪ್ಯಾರಾ ಎಲ್ಲಿ? ಒಪ್ಪಿಕೊಳ್ಳುವ ಭಾಗ?”

“ಒಪ್ಕೊಳ್ಳೋಕೆ ನಾನೇನು ಮಾಡಿದ್ದೆ?”

ಗುಮಾಸ್ತರಿಗೆ ‘ಆದಾಗ್ಯೂ’ ಎನ್ನಲು ಏನೂ ಉಳಿದಿರಲಿಲ್ಲ.

ಕತ್ತರಿಯಕ್ಕ ಮುಂದಿನ ಕೋಣೆಗೆ ಹೋಗಿ ಮಿಷನ್ನಿನ ಕಂಬಳಿ ಎರಡನ್ನೂ ಎಳೆದು ಹಾಕಿದರು. ಟಕಟಕ ಟಕಟಕ ಟಣ್. ಏಳು ದಿನದ ಮೇಲೆ ಮನೆ ಮತ್ತೆ ಮಾತಾಡಿತು. ಗುಮಾಸ್ತರು ಫೋನು ಹಿಡಿದುಕೊಂಡು ಹಿಂದೆಯೇ ಬಂದರು, ಎದೆ ಅರ್ಧ ಇಂಚು ಉಬ್ಬಿತ್ತು. ಅಷ್ಟರಲ್ಲಿ ಅಂಗೈಯಲ್ಲಿ ಫೋನು ಮತ್ತೊಮ್ಮೆ ನಡುಗಿತು.

“ಅಭಿನಂದನೆಗಳು. ಹಾಡಿನ ಹಕ್ಕುದಾರರ ಹೇಳಿಕೆಯ ಮೇರೆಗೆ ಈ ಧ್ವನಿಯ ಹಕ್ಕನ್ನು ನಿಮ್ಮ ಹೆಸರಿಗೆ ನೋಂದಾಯಿಸಲಾಗಿದೆ. ಇದೇ ಧ್ವನಿ ಸಾವಿರದ ಎಂಟುನೂರ ನಲವತ್ತು ಬೇರೆ ವಿಡಿಯೊಗಳಲ್ಲಿ ಪತ್ತೆಯಾಗಿದೆ. ಎಲ್ಲರಿಗೂ ನೋಟಿಸು ಕಳಿಸಬೇಕೆ?”

ಕೆಳಗೆ ಒಂದು ದೊಡ್ಡ ಹಸಿರು ಗುಂಡಿ: ‘ಹೌದು, ಎಲ್ಲರಿಗೂ.’

ಆ ವಿಡಿಯೊಗಳನ್ನು ಹಾಕಿದವರೆಲ್ಲ ಯಾರು ಎಂದು ಕತ್ತರಿಯಕ್ಕನಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಿಷನ್ನಿನ ಪಟ್ಟಿಗೆ ಹೇರ್‌ಪಿನ್ನು ಚುಚ್ಚಿಕೊಂಡು, ತಾವು ಹೊಲಿದ ಮೊದಲ ಲಂಗ, ಮೊದಲ ಚೀಲ, ಮೊದಲ ಸೊಟ್ಟ ಕಾಲರನ್ನು ಹಿಗ್ಗಿನಿಂದ ಚಿತ್ರೀಕರಿಸಿ ಹಾಕಿದ, ಅವರ ಪಾಠ ನೋಡಿ ಕಲಿತವರು.

ಗುಮಾಸ್ತರು ಏನನ್ನೂ ಯೋಚಿಸಲಿಲ್ಲ. ಸಾವಿರದ ಎಂಟುನೂರ ನಲವತ್ತು ನೋಟಿಸು! ಅವರ ವಿಭಾಗ ಇಡೀ ವರ್ಷಕ್ಕೆ ಕಳಿಸುವಷ್ಟು, ಅದೂ ಒಂದೇ ಏಟಿಗೆ, ಗೋಂದಿಲ್ಲದೆ, ಮೊಹರಿಲ್ಲದೆ. ಇಪ್ಪತ್ತಾರು ವರ್ಷ ಪಳಗಿದ ಬಲಗೈಯ ತೋರುಬೆರಳು ತಾನಾಗಿಯೇ ಎದ್ದು ಗುಂಡಿಯತ್ತ ಹೊರಟಿತು. ಇನ್ನು ಅರ್ಧ ಬೆರಳಿನಷ್ಟು ದೂರವಿತ್ತು.

ನಡುಗುವ ಕೈಯೊಂದು ಬಂದು ಆ ಬೆರಳನ್ನು ಹಿಡಿದುಕೊಂಡಿತು. ನಡುಗುತ್ತಿದ್ದರೂ ಹಿಡಿತ ಗಟ್ಟಿಯಾಗಿತ್ತು.

“ಕಳಿಸ್ಬೇಡಿ ಅಳಿಯಂದಿರೇ,” ಎಂದರು ಅತ್ತೆ. “ಆ ಸಾವಿರದ ಎಂಟುನೂರು ಮನೇಲೂ ‘ಇತ್ತ ಕೊಡು, ನಾನು ನೋಡ್ಕೋತೀನಿ’ ಅನ್ನೋ ಅಳಿಯ ಒಬ್ಬೊಬ್ಬ ಇರ್ತಾನೆ. ಪಾಪ, ಆ ಅತ್ತೆಯರ ಗತಿ ಏನು?”

ಗುಮಾಸ್ತರು ಕೈಯನ್ನು ಜೇಬಿಗೆ ಹಾಕಿಕೊಂಡರು.